ಕಂಪ್ಯೂಟರ್ ಬಿಸಿಯಾಗಿ ಆಫ್ ಆಗುತ್ತಿದೆಯೇ? ಮದರ್‌ಬೋರ್ಡ್ ಬದಲಿಸುವ ಮೊದಲು ಇದನ್ನು ಓದಿ

ಗೇಮ್ ಆಡುವಾಗ ಕಂಪ್ಯೂಟರ್ ತಾನಾಗಿಯೇ ಆಫ್ ಆಗುತ್ತಿದ್ದರೆ, ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಬಿಚ್ಚಿ ನೋಡದೆ "ಬೋರ್ಡ್ ಹೋಗಿದೆ" ಎನ್ನುವ ಯಾರ ಮಾತನ್ನೂ ನಂಬಬೇಡಿ. ಮಡಿಕೇರಿಯ ಅಂಗಡಿಯೊಂದರಲ್ಲಿ ನನಗಾದ ಮೋಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಜಿಲ್ಲೆಯ ಇನ್ನೊಬ್ಬರ ಹಣ ಹೀಗೆ ಹೋಗಬಾರದೆಂದು ಬರೆಯುತ್ತಿದ್ದೇನೆ.

ನನ್ನದು ಎಎಂಡಿ ಕಂಪನಿಯ ರೈಜೆನ್ 5 5600ಎಕ್ಸ್ ಪ್ರೊಸೆಸರ್ ಇರುವ ಕಂಪ್ಯೂಟರ್. ಬೇಸಿಗೆಯಲ್ಲಿ ಇದೇ ಅಂಗಡಿಯಲ್ಲಿ ಸರ್ವಿಸ್ ಮಾಡಿಸಿ, ಅವರೇ ಹೇಳಿದ ಟವರ್ ಕೂಲರ್ ಹಾಕಿಸಿದ್ದೆ. ತೊಂದರೆ ಶುರುವಾದದ್ದೇ ಅಲ್ಲಿಂದ. ಗೇಮ್ ತೆರೆದ ಸ್ವಲ್ಪ ಹೊತ್ತಿಗೆ ಫ್ಯಾನು ಕಿರುಚತೊಡಗಿ, ಚಿತ್ರ ತಡವರಿಸಿ, ಪರದೆ ಕಪ್ಪಾಗುತ್ತಿತ್ತು. ಶಾಖ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಎಂಬ ಸಾಫ್ಟ್‌ವೇರಿನಲ್ಲಿ ನೋಡಿದರೆ ಪ್ರೊಸೆಸರಿನ ಶಾಖ 95 ಡಿಗ್ರಿಗೆ, ಅಂದರೆ ಎಎಂಡಿ ಅದಕ್ಕೆ ಗೊತ್ತುಮಾಡಿರುವ ಮಿತಿಗೇ ಹೋಗಿ ಮುಟ್ಟುತ್ತಿತ್ತು.

ಇದನ್ನು ಹೇಳಿದರೂ ಅಂಗಡಿಯವರು ಕಿವಿಗೆ ಹಾಕಿಕೊಳ್ಳಲಿಲ್ಲ. "ಈ ಮಳೆ, ಈ ಶೀತ, ನಮ್ಮ ಕೊಡಗಲ್ಲಿ ಬೋರ್ಡ್ ಎಷ್ಟು ದಿನ ಬಾಳುತ್ತೆ ಸರ್?" ಎಂದರು. ವಿಂಡೋಸಿನ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು, ಕರ್ನಲ್ ಪವರ್ 41 ಎಂಬ ಸಾಲಿನ ಮೇಲೆ ಬೆರಳಿಟ್ಟು, "ನೋಡಿ, ಪವರ್ ಅಂತ ಅದೇ ಹೇಳ್ತಿದೆ" ಎಂದು ಹೊಸ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಮಾರಿದರು. ಆ ಸಾಲು ಹೇಳುವುದು ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಗಿತ್ತು ಎಂಬುದನ್ನಷ್ಟೇ. ಶಾಖದಿಂದ ನಿಂತರೂ ಅದೇ ಬರುತ್ತದೆ, ಕರೆಂಟ್ ಹೋದರೂ ಅದೇ ಬರುತ್ತದೆ. ಮಳೆಗಾಲದಲ್ಲಿ ಪದೇ ಪದೇ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಆ ಸಾಲು ಯಾರ ಕಂಪ್ಯೂಟರಿನಲ್ಲಿ ಇಲ್ಲ?

ಎಸ್‌ಎಂಪಿಎಸ್ ಬದಲಾದ ಮೇಲೂ ಆಫ್ ಆಯಿತು. ಆಗ ಬೋರ್ಡೂ ಹೋಗಿದೆ, ಪ್ರೊಸೆಸರೂ ಹೋಗಿದೆ, ಮುಂದಿನ ಪೀಳಿಗೆಯ ಎಎಂ5 ಬೋರ್ಡು, ಅದಕ್ಕೆ ಹೊಂದುವ ಡಿಡಿಆರ್5 ರ‍್ಯಾಮು ಎಲ್ಲವೂ ಹೊಸದೇ ಬೇಕು ಎಂದು ಹೇಳಿ ಅಡ್ವಾನ್ಸ್ ತೆಗೆದುಕೊಂಡರು.

ಮೈಸೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ ಕೂಲರ್ ಬಿಚ್ಚಿ ತಿರುಗಿಸಿ ಹಿಡಿದ. ತಳದ ತಾಮ್ರಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಗೆಯೇ ಅಂಟಿಕೊಂಡಿತ್ತು. ಹಾಕುವ ಮೊದಲು ತೆಗೆಯಬೇಕೆಂದು ಆ ಹಾಳೆಯ ಮೇಲೆಯೇ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು, ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಪೇಸ್ಟನ್ನು ಆ ಅಕ್ಷರಗಳ ಮೇಲೆಯೇ ಬಳಿದಿದ್ದರು. ನೋಡಿ ಮೈಯೆಲ್ಲ ಉರಿಯಿತು. ಹಾಳೆ ಕಿತ್ತು, ಪೇಸ್ಟ್ ಒರೆಸಿ ಹೊಸದು ಹಚ್ಚಿದ ಮೇಲೆ ಅದೇ ಗೇಮಿನಲ್ಲಿ ಶಾಖ 70 ಡಿಗ್ರಿ ದಾಟಿಲ್ಲ, ಒಮ್ಮೆಯೂ ಆಫ್ ಆಗಿಲ್ಲ. ಹೋಗಿದೆ ಎಂದ ಬೋರ್ಡೂ ಅದೇ, ಹೋಗಿದೆ ಎಂದ ಪ್ರೊಸೆಸರೂ ಅದೇ!

ಹಾಳೆಯನ್ನು ಹಿಡಿದುಕೊಂಡೇ ಅಂಗಡಿಗೆ ಹೋದೆ. ಮೊದಲು "ಅದು ಕಂಪನಿಯಿಂದಲೇ ಬರೋದು ಸರ್" ಎಂದರು. ಓದಿ ತೋರಿಸಿದ ಮೇಲೆ "ಹುಡುಗ ಹೊಸಬ" ಎಂದರು. ಎಸ್‌ಎಂಪಿಎಸ್ ವಾಪಸ್ ತೆಗೆದುಕೊಳ್ಳಿ ಎಂದದ್ದಕ್ಕೆ "ಯೂಸ್ ಆಗಿರೋದು ತಗೊಳಲ್ಲ", ಅಡ್ವಾನ್ಸ್ ಕೇಳಿದ್ದಕ್ಕೆ "ಆರ್ಡರ್ ಹಾಕಿ ಆಗಿದೆ". ಆ ಆರ್ಡರಿನ ಪ್ರತಿಯನ್ನು ಮಾತ್ರ ಇವತ್ತಿನವರೆಗೂ ತೋರಿಸಿಲ್ಲ.

ಶಾಖ ಎಷ್ಟಿದೆ ಎಂದು ನೋಡದೆ, ಕೂಲರನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸದೆ ಯಾವ ಭಾಗವನ್ನೂ ಕೊಳ್ಳಬೇಡಿ. ನನ್ನದರಂತೆ ಹಿಂದಿನ ಪೀಳಿಗೆಯ ಎಎಂ4 ಬೋರ್ಡ್ ಇರುವವರಿಗೆ ವೇಗ ಸಾಲದಿದ್ದರೆ, ಹಾಕಬೇಕೆಂದಿರುವ ಪ್ರೊಸೆಸರ್ ಆ ಬೋರ್ಡಿಗೆ ಹೊಂದುತ್ತದೆಂದು ಬೋರ್ಡ್ ಕಂಪನಿಯ ಪಟ್ಟಿಯಲ್ಲಿದೆಯೇ ಎಂದು ನೋಡಿ, ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ 5700ಎಕ್ಸ್3ಡಿಯಂಥ ಪ್ರೊಸೆಸರನ್ನು ಅದೇ ಬೋರ್ಡಿಗೆ, ಅದೇ ರ‍್ಯಾಮಿನೊಂದಿಗೆ ಹಾಕಿಕೊಳ್ಳಬಹುದು. ಬಿಲ್ ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ನನ್ನ ಬಳಿ ಬಿಲ್ ಇದೆ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಹಣ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.