ಬ್ರೌಸರಿನ ಸದ್ದು ಸತ್ತರೆ: ಪಲ್ಸ್‌ಆಡಿಯೊವೋ ಪೈಪ್‌ವೈರೋ?

ಶಿರಸಿಯ ಮನೆಯೊಂದರ ಹಳೇ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಯಕ್ಷಗಾನದ ವಿಡಿಯೊ ಹಚ್ಚಿದ್ದೀರಿ. ಚಂಡೆ ಏರುವಷ್ಟರಲ್ಲಿ ಸದ್ದು ಹೋಗಿ, ವೇಷ ಮಾತ್ರ ಕುಣಿಯುತ್ತಿದೆ. ಬ್ರೌಸರ್ ತೆಗೆದು ಮತ್ತೆ ಹಾಕುವುದು ದಂಡ. ಬ್ರೌಸರಿನ ಸದ್ದನ್ನು ಸೌಂಡ್ ಕಾರ್ಡಿಗೆ ಮುಟ್ಟಿಸುವ ಸರ್ವರ್ ಪ್ರೋಗ್ರಾಂ ಎರಡರಲ್ಲೊಂದು: ಪಲ್ಸ್‌ಆಡಿಯೊ ಅಥವಾ ಪೈಪ್‌ವೈರ್. ಮೊದಲು ಟರ್ಮಿನಲ್ಲಿನಲ್ಲಿ (ಕಮಾಂಡ್ ಬರೆಯುವ ಕಿಟಕಿ) ‘ಪಿಎಸಿಟಿಎಲ್ ಇನ್ಫೊ’ (pactl info) ಕೊಟ್ಟು ಸರ್ವರ್ ಹೆಸರು ನೋಡಿ.

ಉಬುಂಟು 22.04, ಮಿಂಟ್ 21ರಲ್ಲಿ ಸದ್ದಿಗೆ ಪಲ್ಸ್‌ಆಡಿಯೊ ಇರುತ್ತದೆ. ಅದು ಸಿಕ್ಕಿಕೊಂಡರೆ ‘ಪಲ್ಸ್‌ಆಡಿಯೊ -ಕೆ’ (pulseaudio -k) ಸಾಕು, ತಾನೇ ಮತ್ತೆ ಏಳುತ್ತದೆ. ಟ್ಯಾಬ್ ರಿಲೋಡ್ ಮಾಡಿ. ಪದೇ ಪದೇ ಚರಚರ ಎಂದರೆ ಅದರ ಸೆಟ್ಟಿಂಗಿನ ಡೀಫಾಲ್ಟ್ ಡಾಟ್ ಪಿಎ (default.pa) ಕಡತದ ಯುಡೆವ್-ಡಿಟೆಕ್ಟ್ (udev-detect) ಸಾಲಿಗೆ ‘ಟಿಶೆಡ್=0’ (tsched=0) ಸೇರಿಸಿ. ಹಳೇ ಸೌಂಡ್ ಚಿಪ್ ಟೈಮಿಂಗ್ ತಪ್ಪು ಹೇಳುವುದರಿಂದಾಗುವ ತೊಂದರೆಗೆ ಇದು ಮದ್ದು.

ಪೈಪ್‌ವೈರ್ ಫೆಡೋರಾ 34ರಿಂದ, ಉಬುಂಟು 22.10ರಿಂದ ಸದ್ದಿಗೆ ಬಂದದ್ದು. ಇದರಲ್ಲಿ ‘ಪಿಡಬ್ಲ್ಯು-ಟಾಪ್’ (pw-top) ತೆರೆದರೆ ಯಾವ ಪ್ರೋಗ್ರಾಂ ತಡವರಿಸುತ್ತಿದೆ ಎಂಬುದು ಇಆರ್‌ಆರ್ (ERR) ಕಾಲಮ್ಮಿನಲ್ಲಿ ಏರುವ ಅಂಕಿಯಿಂದಲೇ ಗೊತ್ತಾಗುತ್ತದೆ. ಪಲ್ಸಿನಲ್ಲಿ ಈ ಸುಖ ಇಲ್ಲ. ಅಂಕಿ ಏರುತ್ತಿದ್ದರೆ ಕ್ವಾಂಟಮ್, ಅಂದರೆ ಒಂದು ಸಲಕ್ಕೆ ಕಳಿಸುವ ಸದ್ದಿನ ತುಣುಕಿನ ಅಳತೆಯನ್ನು, 1024ರಿಂದ 2048ಕ್ಕೆ ಏರಿಸಿ. 48,000 ಹರ್ಟ್ಸಿನಲ್ಲಿ ಬಫರ್ ಸುಮಾರು 21 ಮಿಲಿಸೆಕೆಂಡಿನಿಂದ 43ಕ್ಕೆ ಹೋಗುತ್ತದೆ. ವಿಡಿಯೊ ನೋಡಲು ಅಡ್ಡಿಯಿಲ್ಲ.

ಸದ್ದಿಗೆ ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಒಂದೇ ಕಾರ್ಡಿಗೆ ಜಗಳವಾಡುತ್ತವೆ. ಬ್ಲೂಟೂತ್ ಹೆಡ್‌ಸೆಟ್, ವೇಲ್ಯಾಂಡಿನಲ್ಲಿ (ಲಿನಕ್ಸಿನ ಹೊಸ ಪರದೆ ವ್ಯವಸ್ಥೆ) ಸ್ಕ್ರೀನ್ ಹಂಚಿಕೆ ಬೇಕೇ? ಪೈಪ್‌ವೈರ್ ಬಿಟ್ಟು ಬೇರೆ ನೋಡಬೇಡಿ. ಸುಮ್ಮನೆ ಓಡುತ್ತಿರುವ ಪಲ್ಸನ್ನು ಮಾತ್ರ ಕೆದಕಬೇಡಿ.

ಕಾರವಾರದವರು ಹೆಡ್‌ಫೋನ್ ಪಿನ್ನನ್ನೂ ನೋಡಿಕೊಳ್ಳಿ. ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಯಾವ ಕಮಾಂಡೂ ನಾಟುವುದಿಲ್ಲ.