ದೂರದ ಹಾಸ್ಟೆಲ್, ಗೇಟಿನ ಪಕ್ಕದ ರೂಮು, ಮಂಡ್ಯದ ರೈಲು

ಚಿಕ್ಕಪ್ಪನ ಮಗಳಿಗೆ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ. ಸರ್ಕಾರಿ ಹಾಸ್ಟೆಲ್ಲೂ ಸಿಕ್ಕಿದೆ, ಆದರೆ ಕ್ಯಾಂಪಸ್ಸಿನಿಂದ ಒಂಬತ್ತು ಕಿಲೋಮೀಟರ್ ಆಚೆ. "ಅಕ್ಕ, ಹೋಗ್ಲಾ, ಬೇಡ್ವಾ?" ಅಂತ ಮೊನ್ನೆ ಫೋನ್ ಮಾಡಿದ್ದಳು. ಅಲ್ಲೇ ಕೆಮಿಸ್ಟ್ರಿ ಓದಿದ ಎರಡು ವರ್ಷದಲ್ಲಿ ನಾನು ಮೂರು ಥರ ಇದ್ದು ನೋಡಿದ್ದೇನೆ. ಮೊದಲ ವರ್ಷ ಅಂಥದ್ದೇ ದೂರದ ಹಾಸ್ಟೆಲ್, ಆಮೇಲೆ ಕ್ಯಾಂಪಸ್ ಗೇಟಿನ ಪಕ್ಕ ಪಡುವಾರಹಳ್ಳಿಯಲ್ಲಿ ಬಾಡಿಗೆ ರೂಮು, ಕೊನೆಗೆ ಒಂದೂವರೆ ತಿಂಗಳು ಮಂಡ್ಯದಿಂದ ರೈಲು. ಅವಳಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಮ್ಮ ಹಾಸ್ಟೆಲ್ ಇದ್ದದ್ದು ನಂಜನಗೂಡು ರಸ್ತೆ ಕಡೆ, ರಿಂಗ್ ರೋಡ್ ಹತ್ತಿರ, ಒಂದು ಬಾಡಿಗೆ ಕಟ್ಟಡದಲ್ಲಿ. ಊಟ, ವಸತಿ ಎರಡೂ ಉಚಿತ. ಎರಡು ಎಕರೆ ಕಬ್ಬು ನಂಬಿದ ಮನೆಗೆ ಅದು ಸಣ್ಣ ಮಾತಲ್ಲ. ರಾತ್ರಿ ಬಿಸಿ ಮುದ್ದೆ, ಸೊಪ್ಪಿನ ಸಾರು. ಅದಕ್ಕೆ ನನ್ನದೇನೂ ತಕರಾರಿಲ್ಲ.

ತಕರಾರು ಮಧ್ಯಾಹ್ನದ್ದು. ಕ್ಯಾಂಪಸ್ ಒಳಗಿನ ಹಾಸ್ಟೆಲ್ಲಿನವರು ಊಟಕ್ಕೆ ಹೋಗಿ, ಹತ್ತು ನಿಮಿಷ ಅಡ್ಡಾಗಿ ಬರುತ್ತಿದ್ದರು. ನಾವು ಬೆಳಿಗ್ಗೆ ಏಳೂವರೆಗೇ ಡಬ್ಬಿ ತುಂಬಿಕೊಳ್ಳಬೇಕು. ಚಿತ್ರಾನ್ನ, ಪಲಾವ್, ಮತ್ತೆ ಚಿತ್ರಾನ್ನ. ಒಂದು ಸಲ ಹಟಕ್ಕೆ ಬಿದ್ದು ರಾತ್ರಿ ಉಳಿದ ಮುದ್ದೆ, ಸಾರನ್ನೇ ತಗೊಂಡು ಹೋದೆ. ಮಧ್ಯಾಹ್ನ ತೆರೆದರೆ ಮುದ್ದೆ ಡಬ್ಬಿಯ ಆಕಾರಕ್ಕೇ ಗಟ್ಟಿಯಾಗಿ ಕೂತಿತ್ತು. ಸಾರು ಸೋರಿ ರೆಕಾರ್ಡ್ ಬುಕ್ಕಿಗೆ ಇಳಿದಿತ್ತು. ಟೈಟ್ರೇಷನ್ ಬರೆದ ಪುಟದ ಮೇಲೆ ಆ ಹಸಿರು ಕಲೆ ಈಗಲೂ ಇದೆ.

ಮ್ಯಾಪಿನಲ್ಲಿ ನೋಡಿದರೆ ದಾರಿ ಇಪ್ಪತ್ತೈದು ನಿಮಿಷ. ನಮಗೆ ಒಂದು ಗಂಟೆ. ಸಿಟಿ ಬಸ್ ಸ್ಟ್ಯಾಂಡಿಗೆ ಒಂದು ಬಸ್ಸು, ಅಲ್ಲಿಂದ ಗಂಗೋತ್ರಿಗೆ ಇನ್ನೊಂದು. ಬೋಗಾದಿ ರಸ್ತೆಯ ಬಸ್ಸು ಹತ್ತಿದ ದಿನ ಕುಕ್ಕರಹಳ್ಳಿ ರೈಲ್ವೆ ಗೇಟ್ ಹಾಕಿದ್ದರೆ ಮುಗೀತು, ಮೊದಲ ಕ್ಲಾಸಿನ ಹಾಜರಿ ಹೋಯ್ತು ಅಂತಲೇ ಲೆಕ್ಕ. ದಸರಾ ಬಂದರಂತೂ ಅರಮನೆ ಸುತ್ತ ಬಸ್ಸುಗಳ ದಾರಿಯೇ ಬದಲು. ಊರೆಲ್ಲ ದೀಪ ನೋಡೋಕೆ ಬಂದರೆ ನಾವು ಬಸ್ಸಿನ ಬೋರ್ಡು ನೋಡಿಕೊಂಡು ನಿಂತಿರುತ್ತಿದ್ದೆವು.

ದುಡ್ಡಿನ ಲೆಕ್ಕ ಮಾತ್ರ ನಡುವೆಯೇ ತಲೆಕೆಳಗಾಯಿತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ತಗೊಂಡರೆ ಆಯ್ತು. ಅಲ್ಲಿಗೆ ದೂರಕ್ಕೆ ರೂಪಾಯಿಯ ಖರ್ಚೇ ಇಲ್ಲ. ಹುಡುಗರಾದರೆ ಪಾಸಿನ ದುಡ್ಡು ಸೇರಿಸಿಕೊಳ್ಳಿ.

ಹಾಗಿದ್ದೂ ಯಾಕೆ ಬಿಟ್ಟೆ? ಒಂದು ಮಧ್ಯಾಹ್ನದ ಕಥೆ ಹೇಳಿದರೆ ಸಾಕು. ಮುಟ್ಟಿನ ಎರಡನೇ ದಿನ, ನಿಲ್ಲೋಕಾಗದಷ್ಟು ಹೊಟ್ಟೆನೋವು. ಹನ್ನೊಂದಕ್ಕೆ ಕ್ಲಾಸ್ ಮುಗಿಯಿತು, ಎರಡಕ್ಕೆ ಲ್ಯಾಬ್. ಹಾಸ್ಟೆಲ್ಲಿಗೆ ಹೋಗಿ ಬರೋಕೆ ಎರಡು ಗಂಟೆ ಬೇಕು. ಮೂರು ಗಂಟೆ ಹೊತ್ತು ಹುಡುಗಿಯರ ವಿಶ್ರಾಂತಿ ಕೋಣೆಯ ಬೆಂಚಿನ ಮೇಲೆ ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದೆ. ದೂರ ಅಂದರೆ ಬಸ್ಸಿನಲ್ಲಿ ನಿಲ್ಲೋದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಅದು ಬೆನ್ನು ಚಾಚೋಕೆ ಜಾಗ ಇಲ್ಲದೆ ಕಳೆದ ಆ ಮೂರು ಗಂಟೆ. ಸಂಜೆಯೂ ಹಾಗೇ. ಲ್ಯಾಬ್ ಬಿಡೋದು ಐದೂವರೆ, ಹಾಸ್ಟೆಲ್ ಗೇಟು ಹಾಕೋದು ಏಳೂವರೆ. ಲೈಬ್ರರಿಯಲ್ಲಿ ಪುಸ್ತಕ ಹುಡುಕುವ ಹೊತ್ತಿಗೆ ಹೊರಡುವ ಹೊತ್ತಾಗಿರುತ್ತಿತ್ತು.

ಆದರೆ ಬಸ್ಸೇ ಕೊಟ್ಟದ್ದೂ ಇದೆ. ಸೀನಿಯರ್ ಅಕ್ಕ ಒಬ್ಬರು ಇಡೀ ಸೆಮಿಸ್ಟರ್ ಪಕ್ಕ ಕೂತು ಸ್ಪೆಕ್ಟ್ರೋಸ್ಕೋಪಿ ಹೇಳಿಕೊಟ್ಟರು, ನೋಟ್ಸಿನ ಹಿಂದೆ ಗ್ರಾಫಿನ ಪೀಕ್‌ಗಳನ್ನು ಬರೆದು ಬರೆದು. ಬಸ್ಸು ಹಳ್ಳಕ್ಕೆ ಬಿದ್ದಾಗ ಪೆನ್ನು ಹಾರಿ ಎದ್ದ ಸುಳ್ಳು ಪೀಕ್ ಬೇರೆ! ಅಷ್ಟು ಹತ್ತಿರದ ಸ್ನೇಹ ರೂಮಿಗೆ ಹೋದಮೇಲೆ ಸಿಗಲಿಲ್ಲ.

ಇನ್ನು ರೂಮು. ಪಡುವಾರಹಳ್ಳಿಯಲ್ಲಿ ಮೂವರು ಸೇರಿ ಒಂದು ಕೋಣೆ, ಒಂದು ಸಣ್ಣ ಅಡುಗೆಮನೆ ಹಿಡಿದೆವು. ಬಾಡಿಗೆ, ಗ್ಯಾಸ್, ರೇಷನ್, ತರಕಾರಿ ಎಲ್ಲ ಸೇರಿ ನನ್ನ ಪಾಲು ತಿಂಗಳಿಗೆ ಐದು ಸಾವಿರದ ಹತ್ತಿರ. ಅವ್ವ ಕೇಳಿದ ಕೂಡಲೇ, "ಅಲ್ಲ ಕಣವ್ವ, ದುಡ್ಡಿಲ್ದೆ ಊಟ ಹಾಕೋ ಜಾಗ ಬುಟ್ಟು ಬಂದಿಯಲ್ಲ!" ಅಂದಳು. ಸುಳ್ಳೇನಲ್ಲ. ಹಾಸ್ಟೆಲ್ ಇಲ್ಲದ ಹಿಂದುಳಿದ ವರ್ಗದ ಮಕ್ಕಳಿಗೆ ನಮ್ಮ ಕಾಲಕ್ಕೆ ವಿದ್ಯಾಸಿರಿ ಅಂತ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು. ಅದು ಬಂದರೂ ಅಕ್ಕಿ, ಬೇಳೆಗೇ ಸರಿಹೋಗುವಷ್ಟು.

ಸುಖ ಮಾತ್ರ ಬಾಯಲ್ಲಿ ಹೇಳೋಕಾಗಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು, ಮರದ ತುಂಬ ಕೂತ ಹೆಜ್ಜಾರ್ಲೆಗಳನ್ನು ನೋಡಿಕೊಂಡು ಬಂದು, ಸ್ನಾನ ಮಾಡಿ ಹೊರಟರೂ ಕ್ಲಾಸಿಗೆ ಮೊದಲು ತಲುಪುವವಳು ನಾನೇ. ರಾತ್ರಿ ಪಾತ್ರೆ ತೊಳೆಯುವ ಸರದಿಗೆ ಜಗಳ ಆಗುತ್ತಿತ್ತು, ಅದು ಎಲ್ಲ ಕಡೆ ಇದ್ದದ್ದೇ.

ಅಂದುಕೊಳ್ಳದೇ ಇದ್ದ ಒಂದು ತೊಂದರೆ ಬೇರೆ ಇತ್ತು. ಗೇಟಿನ ಪಕ್ಕ ರೂಮು ಅಂದರೆ ದೂರದವರಿಗೆಲ್ಲ ಅದೇ ಧರ್ಮಛತ್ರ! ಹಾಸ್ಟೆಲ್ಲಿನ ನನ್ನ ಹಳೇ ಗೆಳತಿಯರು ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಬಂದು ಚಾಪೆ ಹಾಸಿ ಮಲಗುತ್ತಿದ್ದರು. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಆ ಬೆಂಚು ನೆನಪಿತ್ತಲ್ಲ. ಮನೆ ಓನರ್ ಆಂಟಿ ಮೆಟ್ಟಿಲ ಹತ್ತಿರ ಚಪ್ಪಲಿ ಎಣಿಸುತ್ತಿದ್ದರು. "ಮೂರು ಜನ ಅಂದಿದ್ರಿ, ಏಳು ಜೊತೆ ಇದಾವಲ್ಲಮ್ಮ?" ಅಂದ ದಿನದಿಂದ ಬಂದವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬರುತ್ತಿದ್ದರು.

ಮಂಡ್ಯದ ರೈಲಿನ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಅವ್ವನಿಗೆ ಹುಷಾರಿಲ್ಲ ಅಂತ ಮನೆಯಿಂದಲೇ ಓಡಾಡಿದೆ. ಊರಿಂದ ಮಂಡ್ಯಕ್ಕೆ ಬಂದು, ಅಲ್ಲಿಂದ ಸುಮಾರು 45 ಕಿಲೋಮೀಟರ್. ತಿಂಗಳ ಸೀಸನ್ ಟಿಕೆಟ್ ಅಗ್ಗ. ಪಾಂಡವಪುರ, ಶ್ರೀರಂಗಪಟ್ಟಣ ದಾಟುವಾಗ ಕಿಟಕಿ ಪಕ್ಕ ಸೀಟು ಸಿಕ್ಕರೆ ಕಣ್ಣಿಗೂ ಹಿತ. ರೈಲಲ್ಲಿ ಓದಿಕೊಳ್ಳಬಹುದು ಅಂತಿದ್ದೆ. ಓದಿದ್ದಕ್ಕಿಂತ ತೂಕಡಿಸಿದ್ದೇ ಜಾಸ್ತಿ. ಬೆಳಿಗ್ಗೆ ಐದಕ್ಕೆ ಎದ್ದವಳಿಗೆ ಮಧ್ಯಾಹ್ನದ ಲ್ಯಾಬಿನಲ್ಲಿ ಬ್ಯೂರೆಟ್ಟಿನ ಗೆರೆ ಎರಡೆರಡು ಕಾಣುತ್ತಿತ್ತು. ಅನಿವಾರ್ಯ ಆದರೆ ಸರಿ, ಬೇಕು ಅಂತ ಯಾರೂ ಮಾಡಬೇಡಿ.

ಹಾಗಾಗಿ ತಂಗಿಗೆ ನೇರ ಉತ್ತರ ಕೊಡಲಿಲ್ಲ. ಕನ್ನಡ, ಇತಿಹಾಸ ಓದುವವಳಾಗಿದ್ದು, ಕ್ಲಾಸು ಎರಡು ಗಂಟೆಗೆ ಮುಗಿಯುವ ಹಾಗಿದ್ದರೆ, ಕಣ್ಣುಮುಚ್ಚಿ ಹಾಸ್ಟೆಲ್ಲಿಗೆ ಹೋಗು ಅನ್ನುತ್ತಿದ್ದೆ. ಬಿಟ್ಟಿ ಊಟ, ಬಿಟ್ಟಿ ಬಸ್ಸು, ಇನ್ನೇನು ಬೇಕು? ಲ್ಯಾಬ್ ಇರುವ ಕೋರ್ಸಿಗೆ ಮಾತು ಬೇರೆ. ಮೊದಲ ವರ್ಷ ಹಾಸ್ಟೆಲ್ಲಿನಲ್ಲಿದ್ದು ಜೊತೆಗಾರರನ್ನು ಹುಡುಕಿಕೋ, ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ರೂಮು ಹಿಡಿ ಅಂತ ನನ್ನ ಮನಸ್ಸು. ಅದಕ್ಕೂ ಮೊದಲು ಟೈಮ್ ಟೇಬಲ್ ಕಳಿಸು, ಲ್ಯಾಬ್ ಯಾವ ದಿನ, ಎಷ್ಟಕ್ಕೆ ಬಿಡ್ತಾರೆ ನೋಡ್ತೀನಿ ಅಂದೆ. ಅವಳು ಕಳಿಸಿದ್ದು ಹಾಸ್ಟೆಲ್ಲಿನ ಊಟದ ಪಟ್ಟಿ. ಬುಧವಾರ ಮೊಟ್ಟೆ ಇದೆಯಂತೆ.