ಹಂಚಿದ ಡೈರೆಕ್ಟರಿಗೆ ಯಾವುದು ವಾಸಿ: ಗುಂಪಿನ ಅನುಮತಿಯೋ, ಎಸಿಎಲ್ ಪಟ್ಟಿಯೋ?

ಐದಾರು ಮಂದಿ ಒಂದೇ ಲಿನಕ್ಸ್ ಸರ್ವರ್‌ನಲ್ಲಿ ಕಡತಗಳನ್ನು ಹಂಚಿಕೊಂಡು ಕೆಲಸ ಮಾಡುವ ಕಚೇರಿಗೆ ಬಳಕೆದಾರರ ಗುಂಪಿಗೆ ಒಟ್ಟಾಗಿ ಹಕ್ಕು ಕೊಡುವ ಹಳೆಯ ಗುಂಪು-ಅನುಮತಿಯ ಏರ್ಪಾಡೇ ಎಸಿಎಲ್‌ಗಿಂತ (ಯಾರಿಗೆ ಯಾವ ಹಕ್ಕು ಎಂದು ಕಡತಕ್ಕೆ ಹೆಸರು ಹಿಡಿದು ಬರೆದಿಡುವ ಪಟ್ಟಿಗಿಂತ) ವಾಸಿ ಎಂಬ ನಿರ್ಧಾರಕ್ಕೆ ನಾನು ಬಂದಿದ್ದೇನೆ. ನಮ್ಮ ಪುಟವಿನ್ಯಾಸದ ಕಚೇರಿಗೆ ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಸರ್ವರ್ ಮಾರಿದವರು ಅನುಮತಿಗಳನ್ನೆಲ್ಲ ಎಸಿಎಲ್ ಮೂಲಕವೇ ಹೊಂದಿಸಿಕೊಟ್ಟಿದ್ದರು. ಡಿಸ್ಕ್ ಕೆಟ್ಟು, ಬ್ಯಾಕಪ್‌ನಿಂದ ಕಡತಗಳನ್ನು ಮರಳಿ ತಂದ ಮೇಲೆ ಆ ಏರ್ಪಾಡು ಉಳಿಯಲಿಲ್ಲ. ಆನಂತರ ಎರಡು ವಿಧಾನಗಳನ್ನೂ ಅಕ್ಕಪಕ್ಕದ ಡೈರೆಕ್ಟರಿಗಳಲ್ಲಿ ಇಟ್ಟು ನೋಡಿದೆ. ಎಲ್ಲರಿಗೂ 777, ಅಂದರೆ ಪೂರ್ತಿ ಹಕ್ಕು, ಕೊಟ್ಟುಬಿಡುವ ಮೂರನೆಯ ದಾರಿಯನ್ನು ನಾನು ಪರಿಗಣಿಸಲೇ ಇಲ್ಲ.

ಆದದ್ದು ಇಷ್ಟು. ಕಡತಗಳೆಲ್ಲ ‘ಸಿಬ್ಬಂದಿ’ ಎಂಬ ಗುಂಪಿಗೆ ಸೇರಿದ್ದವು, ಆ ಗುಂಪಿಗೆ ಓದುವ ಹಕ್ಕು ಮಾತ್ರ ಇತ್ತು. ಪುಟ ಕಟ್ಟುವ ಇಬ್ಬರಿಗೆ ಎಸಿಎಲ್ ಬರೆಯುವ ‘ಸೆಟ್‌ಎಫ್‌ಎಸಿಎಲ್’ ಆದೇಶದ ಮೂಲಕ ಹೆಸರು ಹಿಡಿದು ಬರೆಯುವ ಹಕ್ಕು ಕೊಡಲಾಗಿತ್ತು. ಎಸಿಎಲ್ ಇರುವ ಕಡತದಲ್ಲಿ ‘ಎಲ್‌ಎಸ್ -ಎಲ್’ (ಕಡತಗಳನ್ನು ಅನುಮತಿಯ ಸಮೇತ ಪಟ್ಟಿ ಮಾಡುವ ಆದೇಶ) ತೋರಿಸುವ ನಡುವಣ ಮೂರು ಅಕ್ಷರಗಳು ಗುಂಪಿನ ಹಕ್ಕನ್ನಲ್ಲ, ಮಾಸ್ಕನ್ನು ಹೇಳುತ್ತವೆ. ಅಂದರೆ ಹೆಸರು ಹಿಡಿದು ಕೊಟ್ಟ ಹಕ್ಕುಗಳಿಗೂ ಗುಂಪುಗಳ ಹಕ್ಕುಗಳಿಗೂ ಹಾಕಿದ ಮೇಲ್ಮಿತಿಯನ್ನು ಹೇಳುತ್ತವೆ. ಇಬ್ಬರಿಗೆ ಬರೆಯುವ ಹಕ್ಕು ಇದ್ದುದರಿಂದ ಮಾಸ್ಕ್ ‘ಆರ್‌ಡಬ್ಲ್ಯು’ (ಓದು, ಬರೆ) ಆಗಿತ್ತು.

ಕಡತಗಳನ್ನು ನಕಲಿಸುವ ಆರ್‌ಸಿಂಕ್‌ ಎಂಬ ತಂತ್ರಾಂಶಕ್ಕೆ ಸಣ್ಣ ‘ಎ’ ಆಯ್ಕೆ ಮಾತ್ರ ಕೊಟ್ಟರೆ ಅದು ಎಸಿಎಲ್ ಪಟ್ಟಿಯನ್ನು ನಕಲಿಸುವುದಿಲ್ಲ, ಅದಕ್ಕೆ ದೊಡ್ಡ ‘ಎ’ ಬೇರೆಯಾಗಿಯೇ ಬೇಕು. ಬ್ಯಾಕಪ್‌ಗೆಂದು ಅದೇ ಮಾರಾಟಗಾರರು ಬರೆದುಕೊಟ್ಟಿದ್ದ ಸ್ಕ್ರಿಪ್ಟಿನಲ್ಲಿ ಅದು ಇರಲಿಲ್ಲ. ಹೀಗಾಗಿ ಪಟ್ಟಿ ಅಳಿದುಹೋಯಿತು, ಆದರೆ ನಡುವಣ ‘ಆರ್‌ಡಬ್ಲ್ಯು’ ಹಾಗೆಯೇ ಬಂದು, ಪಟ್ಟಿಯೇ ಇಲ್ಲದ ಹೊಸ ಕಡತದಲ್ಲಿ ಅದು ನಿಜವಾದ ಗುಂಪಿನ ಹಕ್ಕಾಗಿ ಕುಳಿತಿತು. ಓದಲು ಮಾತ್ರ ಅವಕಾಶವಿದ್ದ ಇಡೀ ‘ಸಿಬ್ಬಂದಿ’ ಗುಂಪಿಗೆ ಬರೆಯುವ ಹಕ್ಕು ಸಿಕ್ಕಿತು. ಯಾರ ಕೆಲಸವೂ ನಿಲ್ಲಲಿಲ್ಲವಾದ್ದರಿಂದ ಯಾರಿಗೂ ಇದು ಗೊತ್ತಾಗಲಿಲ್ಲ. ಗುಂಪಿನ ಹೊರಗಿದ್ದು, ಪಟ್ಟಿಯಲ್ಲಿ ಹೆಸರಿದ್ದ ಕಾರಣಕ್ಕೆ ಮಾತ್ರ ಲೆಕ್ಕಪತ್ರದ ಡೈರೆಕ್ಟರಿ ನೋಡಬಹುದಾಗಿದ್ದ ನಮ್ಮ ಲೆಕ್ಕಿಗರು ‘ಬಾಗಿಲೇ ತೆರೆಯುತ್ತಿಲ್ಲ’ ಎಂದು ಫೋನ್ ಮಾಡಿದ ಮೇಲಷ್ಟೇ ವಿಷಯ ಹೊರಬಿತ್ತು. ಅನುಮತಿ ಕಳೆದುಹೋಗುವುದನ್ನು ಸಹಿಸಬಹುದು. ಅದು ಸದ್ದಿಲ್ಲದೆ ಹಿಗ್ಗುವುದನ್ನು ನಾನು ಒಪ್ಪಲಾರೆ.

ಗುಂಪಿನ ವಿಧಾನದಲ್ಲಿ ಈ ಅಪಾಯವಿಲ್ಲ, ಏಕೆಂದರೆ ಕಣ್ಣಿಗೆ ಕಾಣುವ ಅಕ್ಷರಗಳೇ ಹಕ್ಕಿನ ಪೂರ್ತಿ ಲೆಕ್ಕ. ‘ಪುಟ’ ಎಂಬ ಗುಂಪು ಮಾಡಿ, ಡೈರೆಕ್ಟರಿಯನ್ನು ‘ಸಿಎಚ್‌ಜಿಆರ್‌ಪಿ’ಯಿಂದ ಅದಕ್ಕೆ ಸೇರಿಸಿ, ‘ಸಿಎಚ್‌ಮಾಡ್ 2775’ ಕೊಟ್ಟರೆ (775 ಎಂದರೆ ಒಡೆಯರಿಗೂ ಗುಂಪಿಗೂ ಪೂರ್ತಿ ಹಕ್ಕು, ಉಳಿದವರಿಗೆ ಬರೆಯುವ ಹಕ್ಕಿಲ್ಲ) ಮೊದಲಿನ 2ರಿಂದಾಗಿ ಒಳಗೆ ಹುಟ್ಟುವ ಪ್ರತಿ ಕಡತವೂ ಅದೇ ಗುಂಪಿಗೆ ಸೇರುತ್ತದೆ, ಒಳಡೈರೆಕ್ಟರಿಗಳಿಗೂ ಆ 2 ತಾನಾಗಿ ಇಳಿದುಬರುತ್ತದೆ. ಒಬ್ಬರು ಇನ್ನೊಬ್ಬರ ಕಡತ ಅಳಿಸಬಾರದೆಂದರೆ 3775.

ಇದರ ತೊಡಕು ಯುಮಾಸ್ಕ್, ಅಂದರೆ ಹೊಸ ಕಡತದಲ್ಲಿ ಯಾವ ಹಕ್ಕುಗಳನ್ನು ಕಳೆಯಬೇಕೆಂದು ಹೇಳುವ ಸಂಖ್ಯೆ. ಅದು 022 ಇದ್ದರೆ ಹೊಸ ಕಡತ 644 ಆಗಿ ಹುಟ್ಟಿ, ಗುಂಪಿನವರು ಅದನ್ನು ತಿದ್ದಲಾರರು, ಆದ್ದರಿಂದ ಎಲ್ಲರಿಗೂ 002 ಮಾಡಬೇಕು, ಎಸ್‌ಎಫ್‌ಟಿಪಿ (ಜಾಲದ ಮೂಲಕ ಕಡತ ಸಾಗಿಸುವ ವಿಧಾನ) ಮೂಲಕ ಬರುವವರಿಗೆ ಅದನ್ನು ಬೇರೆಯಾಗಿ ಹೊಂದಿಸಬೇಕು. ಇಲ್ಲಿ ಎಸಿಎಲ್ ಗೆಲ್ಲುತ್ತದೆ: ಡೀಫಾಲ್ಟ್ ಎಸಿಎಲ್ (ಒಳಗೆ ಹುಟ್ಟುವ ಕಡತಗಳಿಗೆ ತಾನಾಗಿ ಇಳಿಯುವ ಪಟ್ಟಿ) ಇರುವ ಡೈರೆಕ್ಟರಿಯಲ್ಲಿ ಯುಮಾಸ್ಕ್ ಲೆಕ್ಕಕ್ಕೇ ಬರುವುದಿಲ್ಲ. ಬೇರೆಡೆಯಿಂದ ‘ಎಂವಿ’ (ಸ್ಥಳಾಂತರ) ಮಾಡಿ ತಂದ ಕಡತ ಮಾತ್ರ ಎರಡರಲ್ಲೂ ಹಳೆಯ ಅನುಮತಿಯನ್ನೇ ಹೊತ್ತು ಬರುತ್ತದೆ.

ಸಿಬ್ಬಂದಿ ಕೆಲಸ ಬಿಟ್ಟಾಗ ‘ಜಿಪಾಸ್‌ವ್ಡ್ -ಡಿ’ ಎಂಬ ಒಂದೇ ಆದೇಶ ಅವರನ್ನು ಗುಂಪಿನಿಂದ ತೆಗೆಯುತ್ತದೆ, ಅವರು ಆಗಲೇ ಲಾಗಿನ್ ಆಗಿದ್ದರೆ ಆ ಸೆಷನ್ ಮುಗಿಯುವವರೆಗೆ ಕಾಯಬೇಕು. ಎಸಿಎಲ್‌ನಲ್ಲಾದರೆ ಹೆಸರು ಪ್ರತಿ ಕಡತಕ್ಕೂ ಅಂಟಿಕೊಂಡಿರುತ್ತದೆ. ಬಳಕೆದಾರರ ಖಾತೆ ಅಳಿಸಿದರೂ ಪಟ್ಟಿಯಲ್ಲಿ ಅವರ ಬಳಕೆದಾರ ಸಂಖ್ಯೆ ಉಳಿದಿರುತ್ತದೆ, ಮುಂದೆ ಬರುವ ಹೊಸಬರಿಗೆ ಅದೇ ಸಂಖ್ಯೆ ಸಿಕ್ಕರೆ ಹಳಬರ ಹಕ್ಕೂ ಜೊತೆಗೆ ಸಿಗುತ್ತದೆ.

ಗುಂಪಿಗೆ ಸೇರಿಸುವಾಗ ‘ಯೂಸರ್‌ಮಾಡ್’ ಆದೇಶದ ದೊಡ್ಡ ‘ಜಿ’ ಜೊತೆಗೆ ಸಣ್ಣ ‘ಎ’ ಇರಲೇಬೇಕು, ಇಲ್ಲವಾದರೆ ಉಳಿದ ಹೆಚ್ಚುವರಿ ಗುಂಪುಗಳು ಹೋಗುತ್ತವೆ. ಎರಡು ವಿಧಾನಗಳ ವೇಗದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ನನ್ನ ಆಯ್ಕೆಗೆ ನನ್ನ ಪರಿಸ್ಥಿತಿಯೂ ಕಾರಣ. ಸರ್ವರ್ ನೋಡಿಕೊಳ್ಳುವವನು ನಾನೊಬ್ಬನೇ, ಅದೂ ನನ್ನ ಕೆಲಸದ ನಡುವೆ. ಪ್ರತಿ ಕಡತಕ್ಕೂ ಎಸಿಎಲ್ ತೋರಿಸುವ ‘ಗೆಟ್‌ಎಫ್‌ಎಸಿಎಲ್’ ಓಡಿಸಿ ಓದುವ ವ್ಯವಧಾನವಿಲ್ಲ, ಬ್ಯಾಕಪ್‌ಗೆ ಒಂದು ಹೊರಗಿನ ಡಿಸ್ಕಿಗಿಂತ ಹೆಚ್ಚು ಖರ್ಚು ಮಾಡುವ ಶಕ್ತಿಯೂ ಕಚೇರಿಗಿಲ್ಲ. ನೂರಾರು ಬಳಕೆದಾರರಿದ್ದು, ಒಬ್ಬೊಬ್ಬರಿಗೂ ಬೇರೆ ಬೇರೆ ಹಕ್ಕು ಬೇಕಾದ ಕಡೆ ಎಸಿಎಲ್ ಇಲ್ಲದೆ ನಡೆಯದು ಎಂಬುದನ್ನು ಒಪ್ಪುತ್ತೇನೆ. ನಮ್ಮಲ್ಲಿ ಅಂಥ ಅಗತ್ಯ ಇರುವುದು ಲೆಕ್ಕಿಗರಿಗೆ ಮಾತ್ರ. ಆ ಒಂದು ಡೈರೆಕ್ಟರಿಯ ಮೇಲೆ ಎಸಿಎಲ್ ಉಳಿಸಿ, ಬ್ಯಾಕಪ್ ಸ್ಕ್ರಿಪ್ಟಿಗೆ ದೊಡ್ಡ ‘ಎ’ ಸೇರಿಸಿದ್ದೇನೆ. ಉಳಿದದ್ದೆಲ್ಲ 2775ರಲ್ಲಿ ನಡೆಯುತ್ತಿದೆ.